ಯಾರಿಗೂ ಅಲ್ಲದ ಬಚ್ಚಲು

ಒಂದು ಮನೆಗೆ ಎಷ್ಟು ಬಚ್ಚಲು ಬೇಕು ಎಂದು ದಯವಿಟ್ಟು ಯಾರೂ ನನ್ನನ್ನು ಕೇಳಬೇಡಿ. ಇಚಲಕರಂಜಿಯ ನಮ್ಮ ಮನೆಯಲ್ಲಿ ಒಂದು ಇಡೀ ಮಳೆಗಾಲ, ಅದರ ಹಿಂದಿನ ಬೇಸಿಗೆ, ಅದರ ಮುಂದಿನ ಚಳಿಗಾಲ ಇದೊಂದೇ ಮಾತು ನಡೆದಿತ್ತು. ಊಟಕ್ಕೆ ಕೂತರೆ ಬಚ್ಚಲು, ಮದುವೆಗೆ ಹೋದರೆ ಬಚ್ಚಲು, ಬೀಗರು ಚಹಾಕ್ಕೆ ಬಂದರೆ ಅವರ ಮುಂದೆಯೂ ಬಚ್ಚಲು. ಮಾತನ್ನು ಇಷ್ಟು ದೂರ ಎಳೆದವರು ನನ್ನ ಗಂಡನ ಸೋದರತ್ತೆ. ಮನೆಯವರೆಲ್ಲ ಅವರನ್ನು ಆತ್ಯಾ ಎನ್ನುತ್ತಿದ್ದರು, ಓಣಿಯವರಿಗೂ ಆತ್ಯಾ, ಹಾಲಿನವನಿಗೂ ಆತ್ಯಾ. ಎರಡು ತಿಂಗಳ ಹಿಂದೆ ಹೋದರು. ಮಾತನಾಡಿಸಲು ಬಂದವರೆಲ್ಲ "ಭಾಳ ಪುಣ್ಯಾತ್ಮರಿದ್ರು" ಎಂದು ಕಣ್ಣೊರೆಸಿಕೊಂಡು ಹೋದರು. ಇರಬಹುದು. ಅವರ ಜೊತೆ ಒಂದೇ ಬಚ್ಚಲಲ್ಲಿ ಬಾಳಿದವರು ಅವರಲ್ಲ, ನಾನು.

ಅವರನ್ನು ದತ್ತವಾಡಕ್ಕೆ ಮದುವೆ ಮಾಡಿ ಕೊಟ್ಟಿದ್ದರಂತೆ. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ತಮ್ಮನ ಮನೆಗೆ, ಅಂದರೆ ನನ್ನ ಮಾವನ ಮನೆಗೆ ಬಂದರು, ಇಲ್ಲೇ ಉಳಿದರು. ನಾನು ಗಡಹಿಂಗ್ಲಜದಿಂದ ಸೊಸೆಯಾಗಿ ಬರುವ ಹೊತ್ತಿಗೆ ಈ ಮನೆಯಲ್ಲಿ ಅತ್ತೆ ಇರಲಿಲ್ಲ, ಆತ್ಯಾ ಇದ್ದರು. ಒಣಕಲು ಮೈ, ಬಿಳಿ ಸೀರೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಹಿತ್ತಲಿನಿಂದ ಕೂಗಿದರೆ ಓಣಿಯ ತುದಿಗೆ ಕೇಳುವ ದನಿ. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಆದರೆ ನಾವು ತಿನ್ನುವಾಗ ಎದುರು ಕೂತು ನೋಡುತ್ತಿದ್ದರು. ಆ ನೋಟದ ಕೆಳಗೆ ಊಟ ಮಾಡುವುದು ಏನೆಂದು ಮಾಡಿದವರಿಗೇ ಗೊತ್ತು.

ಹಳೆಯ ಮನೆಯಲ್ಲಿ ನಾವು ಆರು ಜನ: ಮಾವ, ಆತ್ಯಾ, ನಾವಿಬ್ಬರು, ನಮ್ಮ ಇಬ್ಬರು ಹೆಣ್ಣುಮಕ್ಕಳು. ಬಚ್ಚಲು ಒಂದು. ಹಿತ್ತಲಲ್ಲಿ ಬಾವಿ, ಅದರಾಚೆ ಒಂದು ಸಂಡಾಸ. ನಾನು ಗಡಿಯ ಆಚೆಯ ಊರೊಂದರ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಏಳೂಕಾಲರ ಬಸ್ಸು ತಪ್ಪಿದರೆ ಹೆಡ್‌ಮಾಸ್ತರರ ಮುಖ ನೋಡಬೇಕು. ಐದೂವರೆಗೆ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರೆ ಒಳಗೆ ಆತ್ಯಾ.

ಅವರು ಒಳಗೆ ಹೋದ ತಕ್ಷಣ ಜಳಕ ಮಾಡುತ್ತಾರೆ ಎಂದುಕೊಂಡಿರಾ? ಇಲ್ಲ. ಮೊದಲು ಬಚ್ಚಲಿಗೆ ಜಳಕ. ನಾಲ್ಕು ಗೋಡೆಗೆ ನಾಲ್ಕು ತಂಬಿಗೆ ನೀರು, ನಳಕ್ಕೆ ಒಂದು, ಬಕೆಟ್ಟಿಗೆ ಒಳಗೊಂದು ಹೊರಗೊಂದು, ಹೊಸ್ತಿಲಿಗೆ ಒಂದು, ಬಾಗಿಲ ಚಿಲಕಕ್ಕೆ ಒಂದು. ಚಿಲಕಕ್ಕೆ ಯಾಕೆ ನೀರು ಎಂದು ಒಮ್ಮೆ ಕೇಳಿದೆ. "ನಿಮ್ಮ ಮಾವ ಮುಟ್ಟ್ಯಾನಲ್ಲ," ಎಂದರು. ಮಾವ ಬೇರೆ ಯಾರೋ ಅಲ್ಲ, ಅವರ ಒಡಹುಟ್ಟಿದ ತಮ್ಮ. ಎಲ್ಲ ಮುಗಿದು ಮಡಿ ಉಟ್ಟು ಹೊರಬರುವಾಗ ನನ್ನ ಸಣ್ಣ ಮಗಳು ನಿದ್ದೆಗಣ್ಣಲ್ಲಿ ಓಡಿ ಬಂದು ತೊಡರಿಕೊಂಡಳೋ, ಮುಗಿಯಿತು. ಆತ್ಯಾ ತಿರುಗಿ ಒಳಗೆ. ಮತ್ತೆ ನಾಲ್ಕು ಗೋಡೆ. ನಾನು ಹೊರಗೆ ನಿಂತು ಗಡಿಯಾರ ನೋಡಿ ನೋಡಿ ಅಳುವುದೊಂದು ಬಾಕಿ.

ಹಾಗಾಗಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವುದೆಂದು ಮಾವ ನಿಶ್ಚಯ ಮಾಡಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಕೊಲ್ಹಾಪುರದಿಂದ ಇಂಜಿನಿಯರು ಬಂದ. ಗರಿಗರಿ ಶರ್ಟಿನ ಹುರುಪಿನ ಮನುಷ್ಯ, ಮಾತೆಲ್ಲ ಮರಾಠಿ. "ಜೇವಢ್ಯಾ ಬೆಡರೂಮ್, ತೇವಢ್ಯಾ ಬಾಥರೂಮ್. ವರ ಏಕ ಪಾಹುಣ್ಯಾಂನಾ," ಎಂದ. ಎಷ್ಟು ಮಲಗುವ ಕೋಣೆಯೋ ಅಷ್ಟು ಬಚ್ಚಲು, ಅದರ ಮೇಲೆ ಇನ್ನೊಂದು ಬಂದ ನೆಂಟರಿಗೆ. ಎಷ್ಟು ಚಂದದ ಲೆಕ್ಕ! ನನಗೆ ಅವನಿಗೆ ಕೈ ಮುಗಿಯಬೇಕೆನಿಸಿತು.

"ನಾಕ ಬಾತ್‌ರೂಮ?" ಮಾವ ಹೌಹಾರಿದರು. "ಮನಿ ಕಟ್ಟಾಕತ್ತೇವೋ ಲಾಡ್ಜ್ ಕಟ್ಟಾಕತ್ತೇವೋ?"

ಜಾಗದಲ್ಲಿ ಅರ್ಧದಷ್ಟು ನಮ್ಮ ಮಗ್ಗದ ಶೆಡ್ಡಿಗೆ ಹೋಗುವುದಿತ್ತು. ಎಳೆದಾಡಿ ಎರಡಕ್ಕೆ ಬಂದು ನಿಂತಿತು. ಒಂದು ನಡುಮನೆಯಲ್ಲಿ, ಎಲ್ಲರಿಗೂ ಸೇರಿ, ಮಾವನ ಹಟಕ್ಕೆ ಕುಕ್ಕರಗಾಲಲ್ಲಿ ಕೂರುವ ಸಂಡಾಸ ಕೂಡಿಸಿದ್ದು. ಇನ್ನೊಂದು ಹಿಂದೆ, ನಮ್ಮ ಮಲಗುವ ಕೋಣೆಗೆ ಅಂಟಿಕೊಂಡು. ನಕ್ಷೆಯಲ್ಲಿ ನಮ್ಮ ಕೋಣೆಯಿಂದ ಅದಕ್ಕೊಂದು ಪುಟ್ಟ ಬಾಗಿಲು ಬರೆದಿದ್ದ. ಆ ಬಾಗಿಲಿನ ಗೆರೆಯನ್ನು ಬೆರಳಿನಿಂದ ಎಷ್ಟು ಸಲ ಸವರಿದ್ದೆನೋ. ಗಡಹಿಂಗ್ಲಜದ ತವರಿನಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೆಲ್ಲ ಸೇರಿ ಹನ್ನೊಂದು ಜನಕ್ಕೆ ಒಂದು ಬಚ್ಚಲಿತ್ತು. ಹುಟ್ಟಿದಾಗಿನಿಂದ ಒಂದು ದಿನವೂ ನಿಧಾನಕ್ಕೆ ತಲೆ ತೊಳೆದುಕೊಂಡವಳಲ್ಲ ನಾನು. ಹತ್ತು ನಿಮಿಷ ನನ್ನಷ್ಟಕ್ಕೆ ನಾನಿರುವ ಒಂದು ಜಾಗ, ಅಷ್ಟೇ ನನ್ನ ಆಸೆ.

ಆತ್ಯಾ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಇಂಜಿನಿಯರು ಸರಿಯಾಗಿ ತಿರುಗಿಸಿ ಕೊಟ್ಟ. ಅವರು ಮತ್ತೆ ತಲೆಕೆಳಗು ಮಾಡಿದರು.

"ಎರಡ ಸಾಕು," ಎಂದರು. "ಒಂದ ನಿಮಗೆಲ್ಲಾರಿಗೂ. ಇನ್ನೊಂದ ಯಾರಿಗೂ ಅಲ್ಲ."

ಇಂಜಿನಿಯರು ನನ್ನ ಮುಖ ನೋಡಿದ. ಯಾರಿಗೂ ಅಲ್ಲದ ಬಾತ್‌ರೂಮ್ ಎಂಬುದು ಅವನ ಕಾಲೇಜಿನಲ್ಲಿ ಕಲಿಸಿರಲಿಲ್ಲ. ನನಗೆ ಅರ್ಥವಾಗಿತ್ತು.

ನಮ್ಮದು ಜೈನರ ಮನೆ. ಚಾತುರ್ಮಾಸಕ್ಕೆ ಮುನಿ ಮಹಾರಾಜರು ಊರ ಬಸದಿಯಲ್ಲಿ ಉಳಿದರೆ ಅವರ ಆಹಾರಕ್ಕೆ ಮನೆಮನೆಯಲ್ಲಿ ಸಿದ್ಧತೆ ಮಾಡುತ್ತಾರೆ. ಅದಕ್ಕೆ ಚೌಕಾ ಹಾಕುವುದು ಎನ್ನುತ್ತೇವೆ. ಬಾವಿಯ ನೀರು ಸೋಸಿ ತರಬೇಕು, ಜಳಕ ಮಾಡಿ ಯಾರೂ ಮುಟ್ಟದ ಬಟ್ಟೆ ಉಟ್ಟು ಅಡುಗೆ ಮಾಡಬೇಕು, ಆಮೇಲೆ ಬಾಗಿಲಲ್ಲಿ ನಿಂತು ಮಹಾರಾಜರನ್ನು ಕರೆಯಬೇಕು. ಅವರು ಬೆಳಿಗ್ಗೆ ಮನಸ್ಸಿನಲ್ಲೇ ಏನೋ ಒಂದು ನೇಮ ಹಿಡಿದು ಹೊರಟಿರುತ್ತಾರೆ. ಇಂಥ ಹಣ್ಣು ಹಿಡಿದವರು ಕಂಡರೆ, ಇಷ್ಟು ಜನ ನಿಂತಿದ್ದರೆ, ಹೀಗೆ. ಯಾರಿಗೂ ಹೇಳುವುದಿಲ್ಲ. ನೇಮ ಕೂಡಿದ ಬಾಗಿಲಲ್ಲಿ ನಿಲ್ಲುತ್ತಾರೆ, ದಿನಕ್ಕೆ ಒಂದೇ ಸಲ, ನಿಂತುಕೊಂಡೇ ಬೊಗಸೆಯಲ್ಲಿ ಉಣ್ಣುತ್ತಾರೆ. ಕೂಡದಿದ್ದರೆ ಮುಂದಿನ ಮನೆ.

ಆತ್ಯಾ ಮದುವೆಯಾದ ವರ್ಷ ದತ್ತವಾಡದ ಮನೆಗೆ ಮಹಾರಾಜರು ಬಂದಿದ್ದರಂತೆ. ಹೊಸ ಸೊಸೆಯನ್ನು ಒಲೆಯ ಹತ್ತಿರ ಕೂರಿಸಿದ್ದರು. ಎಲ್ಲರೂ ಒಂದೊಂದು ತುತ್ತು ನೀಡಿದರು, ಇವರ ಸರದಿ ಬರುವುದರೊಳಗೆ ಆಹಾರ ಮುಗಿದುಹೋಯಿತು. ಮುಂದಿನ ವರ್ಷ ನೀಡಿದರಾಯಿತು ಎಂದಿದ್ದರು ಅವರ ಅತ್ತೆ. ಮುಂದಿನ ವರ್ಷ ಗಂಡನೇ ಇಲ್ಲ. ಅಂದಿನಿಂದ ತನ್ನ ಮನೆಯ ಬಾಗಿಲಲ್ಲಿ ಕರೆದು ತನ್ನ ಕೈಯಾರೆ ಒಂದು ತುತ್ತು ನೀಡಬೇಕು ಎಂಬುದೊಂದೇ ಜಪ. ನೆರೆಯವರ ಚೌಕಾದಲ್ಲಿ ನೀಡಬಹುದಲ್ಲ ಎಂದರೆ, "ಮಂದಿ ಮನ್ಯಾಗ ನಾ ಯಾಕ ನೀಡ್ಲಿ? ನನ್ನ ಮನಿಗೇನ ಬಾಗಲಾ ಇಲ್ಲೇನು?" ಎಂದು ಸಿಡಿಯುತ್ತಿದ್ದರು. ಮೊದಲು ಬಾವಿಯ ಕಟ್ಟೆಯ ಮೇಲೇ ಜಳಕ ಮಾಡಿ ಚೌಕಾ ಹಾಕುತ್ತಿದ್ದರು. ಈಗ ಸುತ್ತಲೂ ಮೂರು ಮೂರು ಮಹಡಿಯ ಮನೆ ಎದ್ದು ನಿಂತಿವೆ, ಎಲ್ಲ ಕಿಟಕಿಯೂ ನಮ್ಮ ಬಾವಿಯನ್ನೇ ನೋಡುತ್ತವೆ. ಸಂಡಾಸ ಕೂಡಿದ ಬಚ್ಚಲಂತೂ ಆಗುವುದೇ ಇಲ್ಲ. ಹಾಗಾಗಿ ಬಾವಿಗೆ ಹತ್ತಿರ ಒಂದು ಶುದ್ಧ ಬಚ್ಚಲು ಬೇಕು. ಆ ಶುದ್ಧ ಬಚ್ಚಲಿಗೆ ಸಿಕ್ಕ ಜಾಗ, ನನ್ನದು.

"ವರ್ಷದಾಗ ನಾಕ ದಿನ ಬಳಸೂದಕ್ಕ ಒಂದ ಬಚ್ಚಲಾ ಎದಕ್ರಿ ಆತ್ಯಾ?" ಎಂದೆ.

"ವರ್ಷಾನಗಟ್ಲೆ ಬಳಸೂದು ನಿನಗ ನಡುಮನ್ಯಾಗ ಐತೆಲ್ಲ?"

"ಅದು ಆರ ಮಂದಿಗೆ ಐತ್ರಿ!"

"ಹಂಗಾರ ಲಗೂನ ಏಳ."

ನಾನು ಗಂಡನ ಕಡೆ ನೋಡಿದೆ. ಅವರು ಮೇಲೆ ಛತ್ತಿನ ಕಡೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಛತ್ತಿಗೆ ಅಷ್ಟು ನಿಗಾ ಕೊಟ್ಟವರು ಬೇರೆ ಯಾರೂ ಇಲ್ಲ.

ಮಾವ ನನ್ನ ಪರ ಇದ್ದರು, ಅದನ್ನು ಹೇಳಬೇಕು. "ಅಕ್ಕಾ, ಹುಡಿಗಿ ನೌಕರಿ ಮಾಡತಾಳ, ಹಂಗ ಮಾಡಬ್ಯಾಡ," ಎಂದರು. ಆತ್ಯಾ ಜಗಳ ಆಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು, ನೇಮ ಹಿಡಿದರು. ಬಚ್ಚಲು ನಿಶ್ಚಯವಾಗುವವರೆಗೆ ಸಕ್ಕರೆ ಬಿಟ್ಟೆ ಎಂದರು. ಊರ ಸುತ್ತ ಯಾವ ದಿಕ್ಕಿಗೆ ಹೋದರೂ ಕಬ್ಬು, ನಮ್ಮ ಮನೆಯಲ್ಲಿ ಮುದುಕಿಯೊಬ್ಬಳು ಸಪ್ಪೆ ಚಹಾ ಕುಡಿಯುತ್ತಿದ್ದಾಳೆ. ಎಂಟು ದಿನಕ್ಕೆ ಉಪ್ಪು ಬಿಟ್ಟರು. ಹದಿನೈದನೆಯ ದಿನ ಹಾಲು ಬಿಟ್ಟರು. ಎದುರಿಗೆ ಕೂತು ಬರೀ ಭಕ್ಕರಿ ನೀರಲ್ಲಿ ಅದ್ದಿ ತಿನ್ನುವವರ ಮುಂದೆ ಯಾವ ಗಂಡಸು ತುಪ್ಪ ಹಾಕಿಕೊಂಡು ಉಂಡಾನು? ಮಾವ ಇಂಜಿನಿಯರಿಗೆ ಫೋನು ಮಾಡಿದರು. ನಕ್ಷೆಯಲ್ಲಿ ನನ್ನ ಪುಟ್ಟ ಬಾಗಿಲು ಅಳಿಸಿಹೋಯಿತು; ಬಚ್ಚಲಿನ ಬಾಗಿಲು ಹಿತ್ತಲಿಗೆ, ಬಾವಿಯ ಕಡೆಗೆ ತಿರುಗಿತು. ಅಂದು ಆತ್ಯಾ ಎರಡು ಚಮಚ ಸಕ್ಕರೆ ಹಾಕಿದ ಚಹಾ ಕುಡಿದರು, ಗೆದ್ದವರ ಹಾಗೆ ಸೊರ್ ಎಂದು ಸದ್ದು ಮಾಡುತ್ತ.

ಹೊಸ ಮನೆಯಲ್ಲಿ ನನ್ನ ಹಾಸಿಗೆಗೂ ಆ ಬಚ್ಚಲಿಗೂ ನಡುವೆ ಒಂದು ಗೋಡೆ ಮಾತ್ರ. ಬಾಗಿಲಿಗೆ ಬೀಗ, ಬೀಗದ ಕೈ ಆತ್ಯಾನ ಸೊಂಟದಲ್ಲಿ. ಒಳಗೆ ಬಿಳಿ ಫರಶಿಕಲ್ಲು, ಹಿತ್ತಾಳೆಯ ಹಂಡೆ, ಒಂದು ಹನಿ ನೀರು ಬೀಳದ ನೆಲ. ನಾನು ನಡುಮನೆಯಲ್ಲಿ ಮಗಳು ಹೊರಬರಲಿ ಎಂದು ಪಾಳಿ ಹಚ್ಚಿ ನಿಂತಿರುವಾಗ ಅಲ್ಲೊಂದು ಇಡೀ ಬಚ್ಚಲು ತಣ್ಣಗೆ ಕೂತಿದೆ ಎಂದು ನೆನೆದರೆ ಆ ಬೀಗ ಒಡೆಯಬೇಕೆನಿಸುತ್ತಿತ್ತು. ಒಂದು ದಿನ ಬಸ್ಸು ತಪ್ಪುವ ಹೊತ್ತು, ಕೈಜೋಡಿಸಿ ಬೀಗದ ಕೈ ಕೇಳಿದೆ. "ಆ ಬಚ್ಚಲಾ ಬಿಟ್ಟ ಬ್ಯಾರೆ ಏನರ ಕೇಳ," ಎಂದರು. ನನಗೆ ಬೇರೆ ಏನೂ ಬೇಕಿರಲಿಲ್ಲ.

ಮೂರು ಚಾತುರ್ಮಾಸ ಚೌಕಾ ಹಾಕಿದೆವು. ಸೂರ್ಯ ಹುಟ್ಟುವ ಮೊದಲೇ ಬೀಗ ತೆರೆದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು, ಹೊರಗೆ ಕಾವಲು ನಿಂತು "ಗ್ವಾಡಿಗೆ ನೀರ ಹಾಕಿದಿ?" ಎಂದು ಕೇಳುತ್ತಿದ್ದರು. ಮಹಾರಾಜರ ನೇಮ ಏನಿರಬಹುದೆಂದು ಊಹಿಸುವುದು ಅವರದೇ ಒಂದು ಶಾಸ್ತ್ರ. ಒಂದು ದಿನ ನನ್ನ ಕೈಯಲ್ಲಿ ತೆಂಗಿನಕಾಯಿ, ಒಂದು ದಿನ ಬಾಳೆಹಣ್ಣು, ಒಂದು ದಿನ ಕಬ್ಬಿನ ಗಣಿಕೆ. ಗಂಡನ ಕೈಯಲ್ಲಿ ಒಮ್ಮೆ ಸೌತೆಕಾಯಿ ಹಿಡಿಸಿದ್ದರು. ಮಡಿಪಂಚೆ ಉಟ್ಟು ಸೌತೆಕಾಯಿ ಹಿಡಿದು ನಿಂತ ಅವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ, ಆತ್ಯಾ ಸೊಂಟಕ್ಕೆ ತಿವಿದರು. ಮಹಾರಾಜರು ಆಹಾರಕ್ಕೆ ಹೊರಟ ಗುರುತಿಗೆ ಬಲಗೈ ಬೆರಳುಗಳನ್ನು ಹೆಗಲಿಗೆ ಹಚ್ಚಿಕೊಂಡು ಓಣಿಯಲ್ಲಿ ಬರುತ್ತಿದ್ದರು, ನಾವು "ನಮೋಸ್ತು ನಮೋಸ್ತು" ಎಂದು ಗಂಟಲು ಹರಿಯುವಂತೆ ಕರೆಯುತ್ತಿದ್ದೆವು, ಅವರು ಎದುರು ಮನೆಗೆ ಹೋಗಿಬಿಡುತ್ತಿದ್ದರು. ಮೂರು ವರ್ಷವೂ ಅದೇ. ಆಮೇಲೆ ನನಗೆ ಬೈಗುಳ: "ನೀ ಮನಸಿನ್ಯಾಗ ಬಸ್ ನೆನಸಾಕತ್ತಿದ್ದಿ. ಅದಕ್ಕ ಬರಲಿಲ್ಲ." ಸುಳ್ಳು ಹೇಳಲಾರೆ, ನೆನೆಸುತ್ತಿದ್ದೆ.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ನನಗೆ ರಕ್ತಸ್ರಾವ ನಿಲ್ಲದಾಯಿತು. ಕೊಲ್ಹಾಪುರದ ದವಾಖಾನೆಯಲ್ಲಿ ಗರ್ಭಕೋಶ ತೆಗೆದರು. ಎರಡು ತಿಂಗಳು ಭಾರ ಎತ್ತಬಾರದು, ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿ ಎಂಟನೆಯ ದಿನ ಬಿಟ್ಟರು. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ, ನಡುಮನೆಯ ಸಂಡಾಸಕ್ಕೆ ಹೇಗೆ ಹೋಗಲಿ ಎಂದು. ಗಂಡನನ್ನು ಕೇಳಿದರೆ ಕಾರಿನ ಛತ್ತು ನೋಡಿದರು.

ಮನೆಗೆ ಬಂದು ನೋಡುತ್ತೇನೆ, ಹಿಂದಿನ ಬಚ್ಚಲಿಗೆ ಬೀಗವಿಲ್ಲ. ಬಾಗಿಲು ಹಾರು ಹೊಡೆದಿದೆ. ಒಳಗೆ ಬಿಳೀ ಹೊಸ ಕಮೋಡು, ಪಕ್ಕದಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಸರಳು. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಚೌಕಾದ ದಿನ ಬಿಟ್ಟರೆ ಇಷ್ಟು ವರ್ಷ ನನಗೆ ಒಂದು ತಂಬಿಗೆ ನೀರು ಹಾಕಿಕೊಳ್ಳಲು ಬಿಡದ ಜಾಗ!

"ಇದೇನ್ರಿ ಆತ್ಯಾ?"

"ಮೊಣಕಾಲ ಕೇಳವಲ್ವು ಯವ್ವಾ. ಕುಂತರ ಏಳಾಕ ಬರೂದಿಲ್ಲ. ಅದಕ್ಕ ಹಾಕಿಸಿದ್ಯಾ. ನೀನೂ ಹೋಗ, ಹೆಂಗೂ ಆಗೇತಿ."

ಮೈ ನೋವು, ದಾರಿಯ ದಣಿವು, ನಾಲ್ಕು ವರ್ಷದ ಸಿಟ್ಟು ಎಲ್ಲ ಸೇರಿ ಬಾಯಿಗೆ ಬಂತು. ಮಾವ, ಮಕ್ಕಳು, ನೋಡಲು ಬಂದ ನೆರೆಯವರು, ಎಲ್ಲರೆದುರು ಅಂದೆ: "ಸೊಸಿಗೆ ಬೇಕಾದಾಗ ಧರ್ಮ ಅಡ್ಡ ಬಂತು. ತಮ್ಮ ಮೊಣಕಾಲ ನೋಯ್ದಾಗ ಎಲ್ಲಾ ನಡೀತದ, ಅಲ್ಲೇನ್ರಿ?"

ಆತ್ಯಾ "ಹೌದವ್ವಾ, ಹಂಗ ಅನ್ಕೋ," ಎಂದು ಹಾಲು ಕಾಸಲು ಒಳಗೆ ಹೋದರು. ಚೆನ್ನಾಗಿ ಅಂದೆ ಎಂದು ಆಗ ನನಗೆ ಸಮಾಧಾನವಾಯಿತು.

ನಾನು ಅದನ್ನು ಬಳಸಿದೆ. ಸುಖವಾಗಿತ್ತು. ಎರಡು ತಿಂಗಳು ಕಳೆದು ಶಾಲೆಗೆ ಹೋಗತೊಡಗಿದ ಮೇಲೂ ಅದೇ ನನ್ನ ಬಚ್ಚಲಾಯಿತು. ಆಗಲೇ ನಾನು ಗಮನಿಸಿದ್ದು: ಮೊಣಕಾಲು ನೋವಿನ ಮುದುಕಿ ತಂಬಿಗೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಹಿತ್ತಲಲ್ಲಿ ಕೆಡವದೆ ಬಿಟ್ಟಿದ್ದ ಹಳೆಯ ಸಂಡಾಸಕ್ಕೇ ಹೋಗುತ್ತಿದ್ದರು.

"ಕಮೋಡ್ ಮ್ಯಾಲ ಕುಂಡ್ರಾಕ ಬರೂದಿಲ್ಲ ನನಗ. ಕುರ್ಚಿ ಮ್ಯಾಲ ಕುಂತಂಗ ಆಗ್ತದ," ಎಂದರು ಕೇಳಿದರೆ.

"ಮತ್ತ ಎದಕ್ಕ ಹಾಕಿಸಿದ್ರಿ?"

"ಹಾಕಿಸಿದ ಮ್ಯಾಲ ಗೊತ್ತಾತು."

ಹಣೆ ಚಚ್ಚಿಕೊಂಡೆ. ಈ ಮನೆಯಲ್ಲಿ ತಲೆ ನೆಟ್ಟಗಿರುವವಳು ನಾನೊಬ್ಬಳೇ ಎಂದು ಗಂಡನಿಗೂ ಹೇಳಿದೆ. ಅವರು ಎಂದಿನಂತೆ ಮೇಲೆ ನೋಡಿದರು. ಆ ವರ್ಷದ ಚಾತುರ್ಮಾಸದಲ್ಲಿ ನಮ್ಮ ಮನೆಯಲ್ಲಿ ಚೌಕಾ ಹಾಕಲಿಲ್ಲ. ವಯಸ್ಸಾಯಿತು, ಹುರುಪು ಇಳಿಯಿತು ಎಂದುಕೊಂಡೆ. ಬೆಳಗಿನ ಗದ್ದಲ ತಪ್ಪಿತಲ್ಲ ಎಂದು ಒಳಗೊಳಗೆ ಖುಷಿಯೇ ಆಯಿತು.

ಅದೇ ಚಾತುರ್ಮಾಸದ ಒಂದು ರವಿವಾರ. ಬಸ್ಸಿನ ಅವಸರವಿಲ್ಲ. ಹಿಂದಿನ ಬಚ್ಚಲಲ್ಲಿ ನಿಧಾನಕ್ಕೆ ತಲೆ ತೊಳೆದುಕೊಂಡು, ಕೂದಲಿನಿಂದ ನೀರು ಇಳಿಯುತ್ತಿರುವಾಗಲೇ ಪಡಸಾಲೆಗೆ ಬಂದೆ. ಗಂಡ ಪೇಪರು ಓದುತ್ತಿದ್ದರು. ಆತ್ಯಾ ಅಕ್ಕಿ ಹಸನು ಮಾಡುವ ಮೊರ ಅಲ್ಲೇ ಬಿಟ್ಟು ತಲೆಬಾಗಿಲಲ್ಲಿ ನಿಂತಿದ್ದರು. ಎದುರು ಮನೆಯವರು, ಪಕ್ಕದವರು ಕಲಶ ಹಿಡಿದು ಕೂಗತೊಡಗಿದ್ದರು. ಓಣಿಯಲ್ಲಿ ಮಹಾರಾಜರು ಬರುತ್ತಿದ್ದರು.

ಎದುರು ಮನೆ ದಾಟಿದರು. ಪಕ್ಕದ ಮನೆ ದಾಟಿದರು. ನಮ್ಮ ಬಾಗಿಲ ಮುಂದೆ ಬಂದು ನಿಂತರು.

ಅಂದಿನ ಅವರ ನೇಮ ಏನಿತ್ತೋ ನನಗೆ ಗೊತ್ತಿಲ್ಲ. ಬರಿಗೈಯಲ್ಲಿ ನಿಂತ ಒಬ್ಬ ಮುದುಕಿಯೇ ಇತ್ತೋ ಏನೋ. ನಿಂತು ಆತ್ಯಾನ ಕಡೆ ನೋಡಿದರು. ಒಂದು ಮಾತು, ಒಂದೇ ಒಂದು ಸಲ "ನಮೋಸ್ತು, ನಿಲ್ಲಬೇಕು" ಎಂದು ಕರೆದರೆ ಸಾಕು ಎನಿಸಿತು ನನಗೆ; ಒಳಗೆ ಚೌಕಾ ಇಲ್ಲ ಎಂಬುದು ಆ ಗಳಿಗೆ ನೆನಪಿಗೇ ಬರಲಿಲ್ಲ. ಆತ್ಯಾ ಕರೆಯಲಿಲ್ಲ. ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿ, ಒಂದು ಹೆಜ್ಜೆ ಹಿಂದೆ ಸರಿದರು. ಮಹಾರಾಜರು ಮುಂದೆ ಹೋದರು.

"ಅಯ್ಯ, ಕರೀಬಾರದೇನ್ರಿ ಆತ್ಯಾ!" ಎಂದು ಕೂಗಿದೆ.

"ಏನಂತ ಕರೀಲಿ?" ಅವರು ತಿರುಗಿ ನೋಡಲಿಲ್ಲ. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಅಂತ ಹೇಳಿ ಒಳಗ ಕರೀಬೇಕು. ಸುಳ್ಳ ಹೇಳ್ಲೇನು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನೋಡ್ರಿ ಮತ್ತ! ತಮಗ ಬ್ಯಾಡಾದ ಕಮೋಡ್ ಹಾಕಿಸಿ, ಇದ್ದ ಬಚ್ಚಲಾ ಕೆಡಿಸಿ, ಈಗ ಬಾಗಲಕ್ಕ ಬಂದವರನ್ನ ಕಳಿಸಿದ್ರಿ. ಏನ ಸಿಕ್ತು ನಿಮಗ?"

ಗಂಡ ಪೇಪರು ಮಡಚಿ ಕೆಳಗಿಟ್ಟರು. ಮದುವೆಯಾದಾಗಿನಿಂದ ಅವರು ನನ್ನ ಮುಖ ನೆಟ್ಟಗೆ ನೋಡಿ ಗಡುಸಾಗಿ ಮಾತನಾಡಿದ್ದು ಅದೊಂದೇ ಸಲ.

"ಸಾಕ ಮಾಡ. ಆತ್ಯಾ ಅದನ್ನ ಹಾಕಿಸಿದ್ದು ನಿನಗ. ಡಾಕ್ಟರ್ ಹಿಂಗ ಅಂದಾರ ಅಂತ ನಾ ದವಾಖಾನಿಯಿಂದ ಫೋನ್ ಮಾಡಿದ್ನಿ. ಅಪ್ಪಾ ಕಮೋಡಿನ ಕುರ್ಚಿ ತರೂಣು ಅಂದ. 'ಹೊಟ್ಟಿ ಹೊಲಿಸ್ಕೊಂಡ ಬರಾಕಿ ಕುರ್ಚಿ ಹಿಡ್ಕೊಂಡ ಪಾಳಿ ಹಚ್ಚಬೇಕೇನು' ಅಂತ ಇಕಿ ಅವತ್ತ ಸಂಜೀಕ ಗೌಂಡಿನ ಕರಸಿದಳು. ನಿನಗ ಹೇಳಬ್ಯಾಡ ಅಂದಳು. ಗೊತ್ತಾದ್ರ ಭಿಡೇಕ್ಕ ನೀ ಒಳಗ ಹೋಗೂದಿಲ್ಲ ಅಂತ."

"ನಿನ್ನ ಯಾರ ಕೇಳಿದ್ರೋ?" ಆತ್ಯಾ ಅವರ ಮೇಲೆ ಹರಿಹಾಯ್ದರು. "ಬಾಯಿ ತಗದ್ರ ಇಂಥಾದ್ದ ತಗೀತಿ!"

ಎಲ್ಲರ ಮುಂದೆ ಅಂದ ಮಾತು ಒಂದೊಂದಾಗಿ ಕಿವಿಗೆ ಬಡಿಯಿತು. "ನಾಳೇನ ಗೌಂಡಿನ ಕರಸ್ತೇನ್ರಿ," ಎಂದೆ, "ಅದನ್ನ ಕಿತ್ತಿಸಿಬಿಡ್ತೇನಿ."

"ಕಿತ್ತಿಸಿದ್ರ ಮೊದಲಿನಂಗ ಆಗ್ತದೇನ ಹುಚ್ಚಿ? ಆದದ್ದು ಆತು. ನಿನ್ನ ಹುಡಿಗ್ಯಾರಿಗೂ ಮುಂದ ಬೇಕಾಗ್ತದ, ಇರ್ಲಿ." ಮೊರ ಎತ್ತಿಕೊಂಡು ಕೂತರು. ಓಣಿಯ ತುದಿಯ ಯಾವುದೋ ಮನೆಯಿಂದ ಕರೆಯುವ ದನಿ ನಿಂತು ಗಂಟೆಯ ಸದ್ದು ಬಂತು; ಅಲ್ಲಿ ನೇಮ ಕೂಡಿತ್ತು. ಆತ್ಯಾ ಆ ಕಡೆ ಒಮ್ಮೆ ಕೈ ಮುಗಿದರು, ಅಕ್ಕಿಯಲ್ಲಿ ಕೈಯಾಡಿಸತೊಡಗಿದರು. ಆಮೇಲೆ ನನ್ನ ಕಡೆ ನೋಡಿ ಮುಖ ಸಿಂಡರಿಸಿದರು.

"ಎಷ್ಟೊತ್ತು ಹಂಗ ನಿಂದರ್ತಿ? ತಲಿ ಒರಸ್ಕೊ, ಥಂಡಿ ಹತ್ತತದ."

ಟವೆಲ್ಲಿಗೆಂದು ಹಿಂದಕ್ಕೆ ಹೋದವಳು ಅದೇ ಬಚ್ಚಲಿಗೆ ಹೊಕ್ಕು ಬಾಗಿಲು ಹಾಕಿಕೊಂಡೆ. ಯಾರಿಗೂ ಕೇಳದಿರಲಿ ಎಂದು ನಳ ಪೂರ್ತಿ ತಿರುವಿ, ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎಷ್ಟು ಹೊತ್ತಾಯಿತೋ, ಹೊರಗಿನಿಂದ ಆತ್ಯಾನ ದನಿ ಬಂತು.

"ಟಾಕಿ ಖಾಲಿ ಆಗಾಕತ್ತೇತಿ, ನಳಾ ಬಂದ ಮಾಡ! ಅಳೂದಿದ್ರ ಹಂಗ ಅಳ, ಯಾರ ಬ್ಯಾಡಂತಾರ?"